ತೊಟ್ಟಿಲೊಳಗಿನ ತಾಮ್ರ

ಮಿಶ್ರಿಕೋಟಿಯ ನಮ್ಮ ಹೊಲಕ್ಕೆ ತ್ರೀ ಫೇಸ್ ಕರೆಂಟು ಬೀಗರ ಹಾಗೆ ಹೇಳದೆ ಬರುತ್ತದೆ; ಆದರೆ ಬೀಗರ ಹಾಗೆ ಉಳಿಯುವುದಿಲ್ಲ. ಅದು ಬಂದ ಕೂಡಲೇ ಕೂಗುವ ಯಂತ್ರವೊಂದನ್ನು ಮಾಡಿಕೊಡುತ್ತೇನೆಂದು ಅಪ್ಪನಿಗೆ ಮಾತು ಕೊಟ್ಟೆ. ಒಂದು 555 ಐಸಿ, ಒಂದು ಬಜರ್, ನಾಲ್ಕು ಚಿಲ್ಲರೆ ಸಾಮಾನು. 1972ರಿಂದ ಲೋಕದ ತುಂಬ ಕೂಗುತ್ತಿರುವ ಐಸಿ, ನನ್ನ ಕೈಯಲ್ಲಿ ಮೂಕಾದೀತೇ?

ಸಾಮಾನು ಕೂರಿಸಲು ಬೋರ್ಡು ಬೇಕು. ಫೈಬರ್ ತುಂಡಿನ ಮೇಲೆ 35 ಮೈಕ್ರಾನ್ ದಪ್ಪದ ತಾಮ್ರದ ಹಾಳೆ ಅಂಟಿರುತ್ತದೆ. ಬೇಕಾದ ಗೆರೆಗಳನ್ನು ಮುಚ್ಚಿಟ್ಟು ಉಳಿದ ತಾಮ್ರವನ್ನು ಕರಗಿಸಿಬಿಟ್ಟರಾಯಿತು. ಮುಚ್ಚುವುದಕ್ಕೆ ಲೇಸರ್ ಪ್ರಿಂಟರಿನ ಟೋನರ್. ಅದು ಮಸಿಯಲ್ಲ, ಪ್ಲಾಸ್ಟಿಕ್ ಪುಡಿ. ಬಿಸಿ ತಾಗಿದರೆ ಕರಗಿ ತಾಮ್ರವನ್ನು ಕಚ್ಚುತ್ತದೆ.

ಗೆರೆಗಳನ್ನು ಮೊದಲು ಕಾಗದದ ಮೇಲೆ ಪ್ರಿಂಟ್ ತೆಗೆಸಿ, ಇಸ್ತ್ರಿ ಒತ್ತಿ ತಾಮ್ರಕ್ಕೆ ಇಳಿಸಬೇಕು. ಅದಕ್ಕೆ ನುಣುಪು ಕಾಗದವೇ ಆಗಬೇಕು. ಅವ್ವ ಕೂಡಿಟ್ಟಿದ್ದ ಪತ್ರಿಕೆಯಿಂದ ಒಂದು ಹಾಳೆ ಕದ್ದು ಹುಬ್ಬಳ್ಳಿಗೆ ಹೋದೆ. ಜೆರಾಕ್ಸ್ ಅಂಗಡಿಯವರು ಹಾಳೆಯನ್ನು ತಿರುವಿ ಮುರುವಿ ನೋಡಿದರು. ‘ಬದನಿಕಾಯಿ ಎಣಗಾಯಿ ಮ್ಯಾಲೆ ಪ್ರಿಂಟ್ ಹೊಡೀಬೇಕೇನ್ರೀ? ಡ್ರಮ್ ಹೋದ್ರ ಯಾರ್ ಕೊಡ್ತಾರ?’ ಮೂರನೆಯ ಅಂಗಡಿಯಲ್ಲಿ ಕೆಲಸವಾಯಿತು. ಅವರಿಗೆ ಕನ್ನಡಕ ಸಿಕ್ಕಿರಲಿಲ್ಲ.

ಬೋರ್ಡನ್ನು ತಿಕ್ಕಿ ಬೆಳಗಿ, ಎಣಗಾಯಿಯನ್ನು ಬೋರಲು ಹಾಕಿ, ಇಸ್ತ್ರಿ ಪೆಟ್ಟಿಗೆ ಇಟ್ಟೆ. ಕರೆಂಟು ಹೋಯಿತು. ಕೊನೆಗೆ ಓಣಿಯ ಇಸ್ತ್ರಿ ಅಂಗಡಿಯ ಕೆಂಡದ ಪೆಟ್ಟಿಗೆಯನ್ನೇ ಬೇಡಿ ತಂದೆ. ಭಾರವೂ ಇತ್ತು, ತಳದಲ್ಲಿ ಹಬೆಯ ತೂತುಗಳೂ ಇರಲಿಲ್ಲ. ಐದು ನಿಮಿಷ ಒತ್ತಿದ್ದಕ್ಕೆ ಗೆರೆಗಳೆಲ್ಲ ಚೊಕ್ಕ ಇಳಿದವು. ಕಾಗದವನ್ನು ನೀರಲ್ಲಿ ನೆನೆಸಿ ಹಳೆ ಬ್ರಷ್ಷಿನಿಂದ ಮೆಲ್ಲಗೆ ತಿಕ್ಕಿ ತೆಗೆಯಬೇಕು. ಅವ್ವ ಅಷ್ಟರಲ್ಲಿ ಎಣಗಾಯಿ ಹುಡುಕತೊಡಗಿದ್ದಳು.

ಮುಂದೆ ಫೆರಿಕ್ ಕ್ಲೋರೈಡು. ನೋಡಲು ಬೆಲ್ಲದ ಪಾಕ, ಗುಣದಲ್ಲಿ ರಾಕ್ಷಸ. ಮೊದಲ ಸಲ ಅದನ್ನು ಸ್ಟೀಲಿನ ಬೋಗುಣಿಯಲ್ಲಿ ಕದಡಿದ್ದೆ. ಅದಕ್ಕೆ ತಾಮ್ರ ಯಾವುದು, ಅವ್ವನ ಬೋಗುಣಿ ಯಾವುದು ಎಂಬ ಭೇದವಿಲ್ಲ. ಬೋಗುಣಿಗೆ ಸಿಡುಬು ಎದ್ದಿತು. ನನಗೆ ಎರಡು ದಿನ ಚಹಾ ಸಿಗಲಿಲ್ಲ. ಈ ಸಲ ಪ್ಲಾಸ್ಟಿಕ್ ಡಬ್ಬಿ, ಕೈಗೆ ಗ್ಲೌಸು.

ಬೋರ್ಡನ್ನು ಮುಳುಗಿಸಿ ಸುಮ್ಮನೆ ಕೂತರೆ ಆಗದು. ತಾಮ್ರದ ಮೈಗೆ ತಾಗಿದ ದ್ರಾವಣ ಬೇಗ ಸೊರಗುತ್ತದೆ. ಹೊಸದು ಬಂದು ತಾಗುವಂತೆ ಡಬ್ಬಿಯನ್ನು ಅಲುಗಿಸುತ್ತಲೇ ಇರಬೇಕು. ನಮ್ಮ ತಾಲೂಕಿನ ಕಲಘಟಗಿ ತೊಟ್ಟಿಲು ನಾಡಿಗೆಲ್ಲ ಗೊತ್ತು. ಅದರ ಬಣ್ಣ, ಚಿತ್ರ ಯಾವುದೂ ಇಲ್ಲದ ಡಬ್ಬಿಯನ್ನು ಅರ್ಧ ತಾಸು ತೂಗುತ್ತ ಕೂತೆ. ಅವ್ವ ಬಾಗಿಲಲ್ಲಿ ನಿಂತು ನೋಡಿದಳು. ‘ಮದುವಿ ಆಗೋ ಅಂದ್ರ ಒಲ್ಲೆ ಅಂತಿ. ಈಗ ನೋಡಿದ್ರ ತೊಟ್ಟಿಲಾ ತೂಗಾಕತ್ತೀಯಲ್ಲೋ!’

ಮಗು ಚೆಂದವೇ ಹುಟ್ಟಿತು. ಆದರೆ ಎಡಗೈಯಿದ್ದಲ್ಲಿ ಬಲಗೈ. ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಪ್ರಿಂಟ್ ತೆಗೆಸಬೇಕಿತ್ತು. ಕನ್ನಡಕವಿಲ್ಲದವರ ಮುಂದೆ ಅವಸರದಲ್ಲಿ ಮರೆತಿದ್ದೆ. ಮತ್ತೆ ಎಣಗಾಯಿ ಕದಿಯುವ ಧೈರ್ಯವಿರಲಿಲ್ಲ. ಐಸಿಯ ಎಂಟೂ ಕಾಲುಗಳನ್ನು ಹಿಂದಕ್ಕೆ ಬಗ್ಗಿಸಿ, ಸತ್ತ ಜಿರಳೆಯಂತೆ ಅಂಗಾತ ಮಲಗಿಸಿ ಬೆಸುಗೆ ಹಾಕಿದೆ. ಉಳಿದ ದ್ರಾವಣವನ್ನು ಗಟಾರಕ್ಕೆ ಚೆಲ್ಲುವಂತಿಲ್ಲ. ಮುಂದಿನ ಬಾಣಂತನಕ್ಕೆಂದು ಬಾಟಲಿಯಲ್ಲಿ ಇಟ್ಟಿದ್ದೇನೆ.

ಹೊಲದ ಮೋಟಾರ್ ಪೆಟ್ಟಿಗೆಯಲ್ಲಿ ಯಂತ್ರವನ್ನು ಕೂರಿಸಿದ ರಾತ್ರಿ ಎರಡಕ್ಕೆ ಕರೆಂಟು ಬಂತು. ಯಂತ್ರ ಕೂಗಿತಂತೆ. ಹಂದಿ ಕಾಯಲು ಪಕ್ಕದ ಗೋವಿನಜೋಳದ ಹೊಲದಲ್ಲಿ ಮಲಗಿದ್ದ ಕಾಕಾ ಮರುದಿನ ಹೇಳಿದರು. ನಮ್ಮ ಮನೆ ಅಲ್ಲಿಂದ ಒಂದೂವರೆ ಕಿಲೋಮೀಟರು.

ಅಪ್ಪ ಬೈಯಲಿಲ್ಲ. ‘ಛಲೋ ಕೂಗತೈತೆಪಾ’ ಎಂದು ನನ್ನ ಕೈಗೆ ಕಂಬಳಿ, ಬ್ಯಾಟರಿ ಕೊಟ್ಟ.