ನವೋಪಕರಣ ಪ್ಲವನ ಮೀಮಾಂಸೆ: ನೇತ್ರಾಣಿಯಲ್ಲಿ ಹೊಸ ಸಾಮಾನು ಮುಳುಗಲೊಲ್ಲದ ಬಗೆಗೆ

ಹೊಸತು ತೇಲುತ್ತದೆ. ಪ್ರಸ್ತುತ ಪ್ರಬಂಧದ ಸೂತ್ರ ಇದೊಂದೇ; ಮುಂದಿನದೆಲ್ಲ ಭಾಷ್ಯ. ಎರಡು ಪದದ ಸೂತ್ರಕ್ಕೆ ಇಷ್ಟುದ್ದದ ಭಾಷ್ಯವೇ ಎಂಬ ಆಕ್ಷೇಪಕ್ಕೆ ಇಲ್ಲಿ ಸಮಾಧಾನ ಹೇಳಿಲ್ಲ. ಈ ನಾಡಿನ ಯಾವ ಭಾಷ್ಯಕಾರನೂ ಅಂಥದ್ದಕ್ಕೆ ಸಮಾಧಾನ ಹೇಳಿದವನಲ್ಲ.

ಮೊದಲು ಕ್ಷೇತ್ರ ನಿರ್ಣಯ. ಉತ್ತರ ಕನ್ನಡ ಜಿಲ್ಲೆ, ಭಟ್ಕಳ ತಾಲೂಕು, ಮುರುಡೇಶ್ವರ. ಅಲ್ಲಿಂದ ದೋಣಿ ಹತ್ತಿ ಸುಮಾರು 19 ಕಿಲೋಮೀಟರ್ ಕಡಲೊಳಗೆ ಹೋದರೆ ನೇತ್ರಾಣಿ ಎಂಬ ನಡುಗಡ್ಡೆ. ಆಕಾಶದಿಂದ ನೋಡಿದವರು ಅದಕ್ಕೆ ಹೃದಯದ ಆಕಾರವಿದೆ ಎನ್ನುತ್ತಾರೆ; ದೋಣಿಯಲ್ಲಿ ವಾಂತಿ ಮಾಡಿಕೊಳ್ಳುತ್ತ ಬಂದವರಿಗೆ ಅದು ಬರೀ ಬಂಡೆ. ಬಂಡೆಯ ಬುಡದಲ್ಲಿ ಹವಳ, ಗಿಳಿಮೀನು, ಚಿಟ್ಟೆಮೀನು, ಅದೃಷ್ಟವಿದ್ದರೆ ಕಡಲಾಮೆ. ನೌಕಾಪಡೆ ಈ ದ್ವೀಪವನ್ನು ಗುಂಡಿನ ಗುರಿ ಅಭ್ಯಾಸಕ್ಕೆ ಬಳಸಿದ್ದೂ ಪರಿಸರದವರು ಅದನ್ನು ವಿರೋಧಿಸಿದ್ದೂ ದಾಖಲೆಯಲ್ಲಿದೆ. ಮಳೆಗಾಲದಲ್ಲಿ ಕಡಲು ಯಾರ ಮಾತೂ ಕೇಳದ ಕಾರಣ ಅಕ್ಟೋಬರ್‌ನಿಂದ ಮೇ ತನಕವೇ ಇಲ್ಲಿ ಸ್ಕೂಬಾ. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಇದೇ ನೀರಿಗೆ ಇಳಿದದ್ದನ್ನು ನೋಡಿದ ಮೇಲೆ ಭಟ್ಕಳದ ದಾರಿಯೇ ಗೊತ್ತಿಲ್ಲದವರಿಗೂ ನೇತ್ರಾಣಿ ಗೊತ್ತಾಯಿತು.

ಅಧ್ಯಯನದ ವಸ್ತು: ಬೆಂಗಳೂರಿನಿಂದ ರಾತ್ರಿಯ ಸ್ಲೀಪರ್ ಬಸ್ಸಿನಲ್ಲಿ ಬಂದಿಳಿಯುವ, ಬ್ಯಾಗಿನಲ್ಲಿ ಸ್ವಂತ ಮಾಸ್ಕ್, ಸ್ವಂತ ಫಿನ್, ಸ್ವಂತ ವೆಟ್‌ಸೂಟ್, ಮಣಿಕಟ್ಟಿನಲ್ಲಿ ಸ್ವಂತ ಡೈವ್ ಕಂಪ್ಯೂಟರ್ ಇರುವ ಪ್ರಾಣಿ. ಇದನ್ನು ಇನ್ನು ಮುಂದೆ ‘ನವಧಾರಿ’ ಎನ್ನಲಾಗುವುದು. ಸಾಮಾನೇನೂ ತರದೆ ಚಡ್ಡಿ, ಟವೆಲ್ ಹಿಡಿದು ಬರುವವರು, ಈಜು ಬಾರದೆಯೂ ತರಬೇತುದಾರರ ಕೈಹಿಡಿದು 12 ಮೀಟರ್ ಒಳಗೆ ಇಳಿದು ನಗುತ್ತ ಮೇಲೆ ಬರುವವರು ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ. ಅವರಿಂದ ಶಾಸ್ತ್ರಕ್ಕೆ ಉಪಯೋಗವಿಲ್ಲ.

ಪೂರ್ವಪಕ್ಷ ಹೀಗಿದೆ: ನವಧಾರಿಯ ಬ್ಯಾಗು ಭಾರ. ಬಸ್ಸಿನ ಕ್ಲೀನರ್ ಅದನ್ನು ಡಿಕ್ಕಿಗೆ ಎಸೆಯುವಾಗ ಆಡಿದ ಮಾತೇ ಇದಕ್ಕೆ ಪ್ರಮಾಣ. ಭಾರವಾದದ್ದು ಮುಳುಗಬೇಕು. ಆದ್ದರಿಂದ ನವಧಾರಿಯೂ ಮುಳುಗಬೇಕು. ಈ ವಾದವನ್ನು ಆರ್ಕಿಮಿಡೀಸ್ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಖಂಡಿಸಿದ್ದಾನೆ. ನೀರು ನೋಡುವುದು ತೂಕವೊಂದನ್ನೇ ಅಲ್ಲ, ಎಷ್ಟು ಜಾಗ ಹಿಡಿದಿದ್ದಾನೆ ಎಂಬುದನ್ನೂ. ನವಧಾರಿ ದಡದಲ್ಲೂ ಹೆಚ್ಚು ಜಾಗ ಹಿಡಿಯುವವನೆಂಬುದು ಪ್ರತ್ಯಕ್ಷ. ನೀರಿನಲ್ಲಿ ಅದಕ್ಕೆ ಲೆಕ್ಕ ತೆರಬೇಕು.

ವೆಟ್‌ಸೂಟಿನಿಂದ ಆರಂಭಿಸೋಣ. ಸೆಕೆಯ ಕಡಲಿಗೆ ರಬ್ಬರಿನ ಅಂಗಿ ಏಕೆ ಎಂದು ದೋಣಿಯವರು ಕೇಳುವುದುಂಟು. ಗಾಳಿಗಿಂತ ನೀರು ಮೈಯ ಕಾವನ್ನು ಸುಮಾರು 25 ಪಟ್ಟು ಬೇಗ ಎಳೆದುಕೊಳ್ಳುತ್ತದೆ. 28 ಡಿಗ್ರಿಯ ನೀರಿನಲ್ಲೂ ಮುಕ್ಕಾಲು ಗಂಟೆಯಲ್ಲಿ ಹಲ್ಲು ಕಟಕಟಿಸಬಹುದು. ಆದರೆ ಈ ಅಂಗಿಯ ನಿಯೋಪ್ರೀನ್ ಎಂಬುದು ಅನಿಲದ ಸಣ್ಣ ಗುಳ್ಳೆಗಳನ್ನು ಒಳಗಿಟ್ಟುಕೊಂಡ ರಬ್ಬರು. ಹೊಸದರಲ್ಲಿ ಗುಳ್ಳೆಗಳೆಲ್ಲ ಸೊಂಪಾಗಿರುತ್ತವೆ. ಹತ್ತಾರು ಸಲ ಆಳಕ್ಕೆ ಹೋಗಿ ಬಂದ ಮೇಲೆ ಅವು ಒಡೆದು, ಜಜ್ಜಿ, ಸೂಟು ತೆಳ್ಳಗಾಗುತ್ತದೆ. ಅಂಗಡಿಯ ಗೂಟಕ್ಕೆ ನೇತುಹಾಕಿದ, ಮೊಣಕಾಲಿಗೆ ತೇಪೆ ಬಿದ್ದ ಬಾಡಿಗೆ ಸೂಟು ತೊಟ್ಟವನು ತಕರಾರಿಲ್ಲದೆ ಇಳಿಯುತ್ತಾನೆ. ನವಧಾರಿ ಬೆನ್ನಡಿಯಾಗಿ ತೇಲುತ್ತ ಮುರುಡೇಶ್ವರದ ದಿಕ್ಕಿಗೆ ನೋಡುತ್ತಿರುತ್ತಾನೆ. ಬಾಡಿಗೆ ಸೂಟನ್ನು ಆತ ನಿರಾಕರಿಸಿದ್ದಕ್ಕೆ ಒಂದು ಕಾರಣ ಉಂಟು. ನೀರಿನಲ್ಲಿ ಮುಳುಗಿದಾಗ ಕೈಕಾಲಿನ ರಕ್ತ ಎದೆಯ ಕಡೆ ಸರಿದು, ಮೈಯಲ್ಲಿ ನೀರು ಜಾಸ್ತಿಯಾಗಿದೆಯೆಂದು ದೇಹ ತಪ್ಪು ತಿಳಿದು, ಮೂತ್ರಪಿಂಡಗಳು ದುಡಿಯತೊಡಗುತ್ತವೆ. ಹಿಂದೆ ಆ ಸೂಟು ತೊಟ್ಟವರೆಲ್ಲ ದೋಣಿಗೆ ಮರಳುವ ತನಕ ತಡೆದುಕೊಂಡಿದ್ದರೇ ಎಂಬ ಪ್ರಶ್ನೆಗೆ ಶಾಸ್ತ್ರ ಮೌನ.

ಇಲ್ಲಿ ನವಧಾರಿ ಒಂದು ಪ್ರತಿವಾದ ಹೂಡುತ್ತಾನೆ: ‘ಬೆಂಗಳೂರಿನ ಈಜುಕೊಳದಲ್ಲಿ ಇದೇ ಸೂಟು ಹಾಕಿ ಮುಳುಗಿದ್ದೆನಲ್ಲ!’ ಮುಳುಗಿದ್ದು ನಿಜ. ಆದರೆ ಕೊಳದ್ದು ಸಿಹಿನೀರು. ಕಡಲ ನೀರು ಉಪ್ಪಿನ ದೆಸೆಯಿಂದ ಶೇಕಡ ಎರಡೂವರೆಯಷ್ಟು ಹೆಚ್ಚು ಸಾಂದ್ರ. ಮೈ, ಸಾಮಾನು ಎಲ್ಲ ಸೇರಿ ನೂರು ಕಿಲೋ ಇರುವವನು ಕೊಳದಲ್ಲಿ ಸರಿದೂಗಿದ್ದರೆ, ಕಡಲಲ್ಲಿ ಸರಿದೂಗಲು ಇನ್ನೂ ಎರಡೂವರೆ ಕಿಲೋ ಸೀಸ ಸೊಂಟಕ್ಕೆ ಕಟ್ಟಿಕೊಳ್ಳಬೇಕು.

ಸೀಸ! ಈ ಪ್ರಬಂಧದ ಅತ್ಯಂತ ಗಂಭೀರ ಶೋಧ ಇಲ್ಲಿದೆ. ನವಧಾರಿ ಸೀಸವನ್ನು ಕೊಳ್ಳುವುದಿಲ್ಲ. ಅದಕ್ಕೆ ಬಣ್ಣಗಳಿಲ್ಲ, ಹೊಸ ಮಾಡೆಲ್ ಬರುವುದಿಲ್ಲ, ಹಬ್ಬದ ರಿಯಾಯಿತಿ ಸಿಕ್ಕರೂ ಅದನ್ನು ಹಿಡಿದು ಯಾರೂ ಫೋಟೊ ತೆಗೆಸಿಕೊಳ್ಳುವುದಿಲ್ಲ. ಸೀಸವೂ ಸಿಲಿಂಡರೂ ಸದಾ ಅಂಗಡಿಯವರದೇ. ಹಾಗಾಗಿ ನವಧಾರಿ ಕಾಸು ಕೊಟ್ಟು ಕೊಂಡದ್ದೆಲ್ಲ ಅವನನ್ನು ಮೇಲಕ್ಕೆ ಎಳೆಯುತ್ತದೆ ಅಥವಾ ಸುಮ್ಮನಿರುತ್ತದೆ. ಅವನನ್ನು ಕೆಳಗಿಳಿಸುವುದು ಬಾಡಿಗೆಯದು. ಅರ್ಥಶಾಸ್ತ್ರದವರು ಇದನ್ನು ಪರಿಶೀಲಿಸಬೇಕು.

ಇಷ್ಟು ಕಟ್ಟಿದರೂ ಕೆಲವರು ಇಳಿಯುವುದಿಲ್ಲ. ಆಗ ನೀರಿನ ಮೇಲೆ ನಡೆಯುವ ಸಂವಾದ ಹೀಗಿರುತ್ತದೆ. ‘ಉಸಿರು ಬಿಡಿ ಸರ್.’ ನವಧಾರಿ ಬಿಡುತ್ತಾನೆ. ‘ಇನ್ನೂ ಬಿಡಿ ಸರ್.’ ಬಿಡುತ್ತಾನೆ. ‘ಒಳಗೆ ಇನ್ನೂ ಇದೆ ಸರ್, ಬಿಡಿ ಬಿಡಿ.’ ಬಾಯಲ್ಲಿ ರೆಗ್ಯುಲೇಟರ್ ಕಚ್ಚಿಕೊಂಡಿರುವುದರಿಂದ ಅವನ ಉತ್ತರ ಉಪಲಬ್ಧವಿಲ್ಲ. ತರಬೇತುದಾರ ಹೇಳುತ್ತಿರುವುದು ಮಾತ್ರ ಶುದ್ಧ ಭೌತಶಾಸ್ತ್ರ: ಹೆದರಿಕೆಯಲ್ಲಿ ಆಳಕ್ಕೆ ಎಳೆದಿಟ್ಟ ಉಸಿರು ಮೂರು ನಾಲ್ಕು ಲೀಟರ್, ಅಂದರೆ ಮೂರು ನಾಲ್ಕು ಕಿಲೋದ ತೇಲುಬಲ. ಮೇಲೆ ಬರುವಾಗಲಂತೂ ಉಸಿರು ಕಟ್ಟಲೇಬಾರದು. ಹತ್ತು ಮೀಟರ್ ಆಳದಲ್ಲಿ ತುಂಬಿಕೊಂಡ ಗಾಳಿ ನೀರಿನ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟಾಗುತ್ತದೆ, ಶ್ವಾಸಕೋಶ ಎರಡು ಪಟ್ಟಾಗುವುದಿಲ್ಲ. ಇದನ್ನು ತರಬೇತಿಯ ಮೊದಲ ಪಾಠದಲ್ಲೇ ಹೇಳುತ್ತಾರೆ, ಆ ಹೊತ್ತಿನಲ್ಲಿ ನವಧಾರಿ ಕಂಪ್ಯೂಟರಿನ ಭಾಷೆ ಬದಲಿಸುತ್ತಿರುತ್ತಾನೆ.

ಶಾಸ್ತ್ರದ ಆದಿಪುರುಷರಿಗೂ ಹೊಸ ಸಾಮಾನು ಕೈಕೊಟ್ಟದ್ದುಂಟು. ಯುದ್ಧಕಾಲದ ಫ್ರಾನ್ಸ್‌ನಲ್ಲಿ ಪೆಟ್ರೋಲ್ ಸಿಗದೆ ಕಾರುಗಳನ್ನು ಅನಿಲದಲ್ಲಿ ಓಡಿಸಲು ಎಂಜಿನಿಯರ್ ಎಮಿಲ್ ಗ್ಯಾಗ್ನಾನ್ ಒಂದು ಕವಾಟ ಹೊಂದಿಸಿದ್ದ. ನೌಕಾಪಡೆಯ ಅಧಿಕಾರಿ ಜಾಕ್ ಕೂಸ್ಟೊ ಅದನ್ನೇ ಬಾಯಿಗೆ ಇಟ್ಟುಕೊಂಡು ಮಾರ್ನ್ ನದಿಗಿಳಿದ. ನೆಟ್ಟಗೆ ನಿಂತರೆ ಗಾಳಿ ಬುಸಬುಸನೆ ಸುರಿದು ಹೋಗುತ್ತಿತ್ತು, ತಲೆಕೆಳಗಾದರೆ ಬರುತ್ತಲೇ ಇರಲಿಲ್ಲ. ಗಾಳಿ ಬರುವ ತೂತೂ ಹೋಗುವ ತೂತೂ ಒಂದೇ ಮಟ್ಟದಲ್ಲಿರಬೇಕೆಂದು ಹೊಳೆದ ಮೇಲೆ, 1943ರ ಜೂನ್‌ನಲ್ಲಿ ಬೆಚ್ಚಗಿನ ಮೆಡಿಟರೇನಿಯನ್ ತೀರದ ಬಂಡೋಲ್‌ನಲ್ಲಿ ಅದು ಸರಿಯಾಗಿ ಉಸಿರಾಡಿತು. ಕೂಸ್ಟೊ ಅದಕ್ಕೆ ಸ್ಟಿಕರ್ ಅಂಟಿಸಿದ ದಾಖಲೆಯಿಲ್ಲ.

ಮಾಸ್ಕಿನ ವಿಚಾರ ಸಂಕ್ಷಿಪ್ತ. ಹೊಸ ಮಾಸ್ಕಿನ ಗಾಜಿನ ಒಳಮೈಯಲ್ಲಿ ಕಾರ್ಖಾನೆಯ ಸಿಲಿಕೋನ್ ಪಸೆ ಇರುತ್ತದೆ. ಟೂತ್‌ಪೇಸ್ಟ್ ಹಚ್ಚಿ ತಿಕ್ಕಿ ತೆಗೆಯದಿದ್ದರೆ ಗಾಜು ಮಂಜು ಕಟ್ಟಿ, ಎದುರಿಗಿರುವುದು ಗಿಳಿಮೀನೋ ತರಬೇತುದಾರನ ಮೊಣಕೈಯೋ ತಿಳಿಯುವುದಿಲ್ಲ. ಹಳೆಯ ಮಾಸ್ಕಿಗೆ ಒಂದು ಉಗುಳು ಸಾಕು. ಎಷ್ಟೇ ದುಬಾರಿಯದಾದರೂ ಉಗಿಯಲೇಬೇಕೆಂಬ ನಿಯಮದಲ್ಲಿ ಒಂದು ಸಮಾನತೆಯಿದೆ. ಮೀಸೆಯವರಿಗೆ ಬೇರೆ ಸಮಸ್ಯೆ: ಮೂಗಿನ ಕೆಳಗೆ ಸಿಲಿಕೋನಿನ ಅಂಚು ಚರ್ಮಕ್ಕೆ ಕೂರದೆ ನೀರು ಜಿನುಗುತ್ತದೆ. ಮೀಸೆಯ ಮೇಲಂಚನ್ನು ಒಂದೆಳೆ ಬೋಳಿಸಿದರೆ ಸರಿಹೋಗುತ್ತದೆ, ಆದರೆ ಈ ಸಲಹೆಯನ್ನು ಮೀಸೆಯ ಮಾಲೀಕನಿಗೆ ಯಾರು ಹೇಳಬೇಕು ಎಂಬಲ್ಲಿ ಪರಂಪರೆಗಳು ಭಿನ್ನವಾಗಿವೆ.

ಇನ್ನು ಬಣ್ಣ. ಅಂಗಡಿಯಲ್ಲಿ ಎರಡು ದಿನ ಯೋಚಿಸಿ ಆರಿಸಿದ ಕೆಂಪು ಫಿನ್ ಐದಾರು ಮೀಟರ್ ಇಳಿಯುವಷ್ಟರಲ್ಲಿ ಮಾಸತೊಡಗಿ, ಹತ್ತು ಹದಿನೈದು ಮೀಟರ್‌ನಲ್ಲಿ ಕಂದು ಬೂದಿಯ ನಡುವಿನ ಏನೋ ಒಂದಾಗುತ್ತದೆ. ನೀರು ಮೊದಲು ನುಂಗುವ ಬಣ್ಣ ಕೆಂಪು. ಬಾಡಿಗೆಯ ಕಪ್ಪು ಫಿನ್ ಎಲ್ಲ ಆಳದಲ್ಲೂ ಕಪ್ಪೇ. ಇದೇ ನೀರು ಮಾಸ್ಕಿನ ಮೂಲಕ ಮೀನನ್ನು ಮೂರನೇ ಒಂದು ಪಾಲು ದೊಡ್ಡದಾಗಿ ತೋರಿಸುತ್ತದೆ ಎಂಬುದನ್ನು, ರಾತ್ರಿ ಊಟದ ಹೊತ್ತಿಗೆ ನವಧಾರಿ ಎರಡೂ ಕೈ ಚಾಚಿ ಕೊಡುವ ವಿವರಣೆ ಕೇಳುವವರು ನೆನಪಿಡಬೇಕು. ತಟ್ಟೆಯಲ್ಲಿರುವ ಅಂಜಲ್ ತುಂಡಿಗೆ ಈ ನಿಯಮ ಅನ್ವಯಿಸುವುದಿಲ್ಲ.

ಸೂತ್ರಕ್ಕೆ ಒಂದು ಅಪವಾದವನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಹೇಗೋ ಆರೇಳು ಮೀಟರ್ ಇಳಿದದ್ದಾಯಿತೆನ್ನಿ. ಒತ್ತಡಕ್ಕೆ ಸೂಟಿನ ಗುಳ್ಳೆಗಳು ಕುಗ್ಗಿ, ಅದುವರೆಗೆ ತೇಲಿಸುತ್ತಿದ್ದ ಅದೇ ಸೂಟು ತೇಲಿಸುವುದನ್ನು ಬಿಡುತ್ತದೆ. ಸೀಸ ಗೆಲ್ಲುತ್ತದೆ. ನವಧಾರಿ ಗಾಬರಿಯಿಂದ ಜಾಕೆಟ್ಟಿಗೆ ಗಾಳಿ ತುಂಬುತ್ತಾನೆ, ಮೇಲೇರುತ್ತಾನೆ, ಏರಿದಷ್ಟೂ ಆ ಗಾಳಿ ಹಿಗ್ಗುತ್ತದೆ, ಬಿಡುತ್ತಾನೆ, ಇಳಿಯುತ್ತಾನೆ. ಗುಂಡಿಗಳನ್ನೆಲ್ಲ ಮಗು ಒತ್ತಿಬಿಟ್ಟ ಲಿಫ್ಟಿನಂತೆ ಅವನ ಸಂಚಾರ. ‘ಹೇಗಿದೆ?’ ಎಂದು ಸನ್ನೆಯಲ್ಲಿ ಕೇಳಿದರೆ ಹೆಬ್ಬೆರಳೆತ್ತಿ ತೋರಿಸುತ್ತಾನೆ. ಸ್ಕೂಬಾದಲ್ಲಿ ಹೆಬ್ಬೆರಳೆಂದರೆ ‘ಮೇಲೆ ಹೋಗೋಣ’. ಕರೆದುಕೊಂಡು ಹೋಗುತ್ತಾರೆ.

ಕೊನೆಗೆ ಬಾಡಿಗೆಯದೂ ಪಕ್ಷ ಬದಲಿಸುತ್ತದೆ. ಅಲ್ಯೂಮಿನಿಯಂ ಸಿಲಿಂಡರಿನೊಳಗೆ ತುಂಬಿದ ಸುಮಾರು 2,200 ಲೀಟರ್ ಗಾಳಿಗೆ ಎರಡೂವರೆ ಕಿಲೋಗೂ ಹೆಚ್ಚು ತೂಕವಿದೆ. ಅದನ್ನು ಉಸಿರಾಡಿ ಮುಗಿಸುತ್ತ ಬಂದಂತೆ ಸಿಲಿಂಡರೇ ತೇಲತೊಡಗುತ್ತದೆ. ಐದು ಮೀಟರ್‌ನಲ್ಲಿ ಮೂರು ನಿಮಿಷ ನಿಲ್ಲಬೇಕೆಂಬ ಕಟ್ಟಳೆ ಇರುವುದು ಸರಿಯಾಗಿ ಆ ಹೊತ್ತಿಗೇ.

ಆ ನಿಲುಗಡೆಯ ಮೂಲದಲ್ಲಿ ಆಡುಗಳಿವೆ. ಜಾನ್ ಸ್ಕಾಟ್ ಹಾಲ್ಡೇನ್ ಎಂಬ ಶರೀರವಿಜ್ಞಾನಿ ಲಂಡನ್ನಿನಲ್ಲಿ ಉಕ್ಕಿನ ಕೋಣೆಯೊಳಗೆ ಆಡುಗಳನ್ನಿಟ್ಟು, ಒತ್ತಡ ಏರಿಸಿ, ಇಳಿಸಿ ನೋಡಿದ. ಒಮ್ಮೆಲೇ ಇಳಿಸಿದರೆ ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗಿ ಎದ್ದು ಆಡು ಮುಂಗಾಲು ಎತ್ತಿ ನಿಲ್ಲುತ್ತಿತ್ತು. ಹಂತ ಹಂತವಾಗಿ ಇಳಿಸಿದರೆ ಸುಮ್ಮನೆ ಮೆಲುಕು ಹಾಕುತ್ತಿತ್ತು. 1908ರಲ್ಲಿ ಪ್ರಕಟವಾದ ಆ ಕೋಷ್ಟಕಗಳ ಮೊಮ್ಮಕ್ಕಳೇ ನವಧಾರಿಯ ಮಣಿಕಟ್ಟಿನ ಕಂಪ್ಯೂಟರಿನಲ್ಲಿರುವುದು. ಹಾಲ್ಡೇನನ ಮಗ ಜೆ.ಬಿ.ಎಸ್. ಮುಂದೆ ಭಾರತದ ಪ್ರಜೆಯಾಗಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ. ನೇತ್ರಾಣಿಯ ಮೇಲೂ ಆಡುಗಳಿವೆ, ಭಕ್ತರು ಹರಕೆ ಹೊತ್ತು ತಂದು ಬಿಟ್ಟವು. ಕೆಳಗೆ ಗುಳ್ಳೆ ಬಿಡುತ್ತ ಏರಿಳಿಯುವವರನ್ನು ಅವು ಯಾವ ಭಾವದಿಂದ ನೋಡುತ್ತವೆ ಎಂಬುದು ಪ್ರತ್ಯೇಕ ಮಹಾಪ್ರಬಂಧಕ್ಕೆ ವಿಷಯ.

ದಡದಲ್ಲಿ ನವಧಾರಿಗೆ ಎರಡು ಬಗೆಯ ವಿಮರ್ಶಕರು ಎದುರಾಗುತ್ತಾರೆ. ಬಲೆ ಬಿಡಿಸುತ್ತ ಕೂತ ಮೀನುಗಾರ: ‘ಇಷ್ಟೆಲ್ಲ ಕಟ್ಕಂಡ್ ಹೋದ್ರಿ, ಒಂದ್ ಬಂಗ್ಡೆಯಾದ್ರೂ ತಂದ್ರಾ?’ ಇನ್ನೊಬ್ಬರು ಜೊತೆಗೆ ಬಂದ ಅತ್ತೆ. ಅಳಿಯ 12 ಮೀಟರ್ ಇಳಿದು ಬರುವಷ್ಟರಲ್ಲಿ ಅವರು 123 ಅಡಿಯ ಶಿವನಿಗೆ ಕೈಮುಗಿದು, 20 ಅಂತಸ್ತಿನ ರಾಜಗೋಪುರದಲ್ಲಿ ಲಿಫ್ಟ್ ಹತ್ತಿ, ಅದೇ ಕಡಲನ್ನು ಒದ್ದೆಯಾಗದೆ ನೋಡಿ ಇಳಿದಿದ್ದಾರೆ.

ಭಾನುವಾರ ರಾತ್ರಿಯ ಬಸ್ಸು ಮಾತ್ರ ಶಾಸ್ತ್ರವಿರುದ್ಧ. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಆದರೆ 18 ಗಂಟೆ ವಿಮಾನ ಹತ್ತಬಾರದೆಂದು ಎಲ್ಲರೂ ಹೇಳುತ್ತಾರೆ. ಬಸ್ಸಿನ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ಹೊನ್ನಾವರದಿಂದ ಘಟ್ಟ ಹತ್ತಿದರೆ ಸಾಗರದಲ್ಲೇ ಐನೂರು ಮೀಟರ್ ದಾಟುತ್ತದೆ, ಬೆಂಗಳೂರು ಒಂಬೈನೂರರ ಮೇಲೆ. ಮೈಯೊಳಗಿನ ಸಾರಜನಕಕ್ಕೆ ವಿಮಾನ, ಸ್ಲೀಪರ್ ಎಂಬ ಭೇದ ತಿಳಿಯದು. ಒಂದು ರಾತ್ರಿ ಮುರುಡೇಶ್ವರದಲ್ಲೇ ಉಳಿದು, ಲಾಡ್ಜಿನ ಬಕೆಟ್ಟಿನ ಸಿಹಿನೀರಿನಲ್ಲಿ ಸಾಮಾನು ಅದ್ದಿ ಉಪ್ಪು ಕಳೆಯುವುದು ಉತ್ತಮ ಪಕ್ಷ. ರಜೆ ಸಿಗದ ನವಧಾರಿ ಅದನ್ನು ಪಾಲಿಸದೆ ಸೋಮವಾರ ಬೆಳಿಗ್ಗೆ ನೇರ ಆಫೀಸಿಗೆ ಹೋಗುತ್ತಾನೆ, ಕೈಯಲ್ಲಿ ಕಂಪ್ಯೂಟರ್ ಹಾಗೇ ಇರುತ್ತದೆ. ತೆರೆಯ ಮೇಲೆ ಅಡ್ಡಗೆರೆ ಎಳೆದ ವಿಮಾನದ ಚಿತ್ರ ಇನ್ನೂ ಆರಿರುವುದಿಲ್ಲ.

‘ಗುರು, ಇದ್ರಲ್ಲಿ ಸ್ಟೆಪ್ಸ್ ಕೌಂಟ್ ಆಗುತ್ತಾ?’ ಎಂದು ಪಕ್ಕದ ಸೀಟಿನವನು ಕೇಳುತ್ತಾನೆ.

‘ಇಲ್ಲ ಮಗಾ. ನೂರು ಮೀಟರ್ ಆಳದ ತನಕ ಕೆಲಸ ಮಾಡುತ್ತೆ.’

‘ನೀನು ಎಷ್ಟು ಹೋಗಿದ್ದೆ?’

ನವಧಾರಿ ಮೀಟಿಂಗ್‌ಗೆ ಏಳುತ್ತಾನೆ.