ಚಹಾಕ್ಕೊಂದು ಐಎಸ್‌ಒ

ಚಹಾ ಮಾಡುವುದಕ್ಕೂ ಅಂತರರಾಷ್ಟ್ರೀಯ ಮಾನಕವಿದೆ: ಐಎಸ್‌ಒ 3103. ಮೊದಲು ಹೊರಬಿದ್ದದ್ದು 1980ರಲ್ಲಿ. ಇದೇ ಬಗೆಯ ಬ್ರಿಟಿಷ್ ಮಾನಕಕ್ಕೆ ಆರು ಪುಟ. 1999ರಲ್ಲಿ ಇಗ್ ನೊಬೆಲ್ ಸಾಹಿತ್ಯ ಪ್ರಶಸ್ತಿ ಬಂದದ್ದು ಅದಕ್ಕೇ. ಇಂಥ ಕಟ್ಟುನಿಟ್ಟನ್ನು ಇಂಗ್ಲಿಷಿನವರು ‘ಎಕ್ಸಾಕ್ಟಿಂಗ್’ ಎಂದು ಹೊಗಳುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ ರೇಜಿಗೆ ಎನ್ನುತ್ತಾರೆ.

ಇಂಥದ್ದನ್ನು ಓದಿಯೂ ಸುಮ್ಮನಿರುವುದು ನನ್ನ ಜಾಯಮಾನವಲ್ಲ. ನೂರು ಮಿಲಿಲೀಟರ್ ಕುದಿನೀರಿಗೆ 2 ಗ್ರಾಂ ಎಲೆ. ಮಗಳು ಕೇಕಿಗೆಂದು ತರಿಸಿದ ತಕ್ಕಡಿ ಸಿಕ್ಕಿತು, ಬಿಳಿ ಪಿಂಗಾಣಿ ಕುಡಿಕೆಯೂ ಸಿಕ್ಕಿತು. ನೀರು ಹೊಯ್ದು ಮುಚ್ಚಳ ಮುಚ್ಚಿದೆ. ಇನ್ನು ಆರು ನಿಮಿಷ.

ಆರು ನಿಮಿಷ ಎಷ್ಟು ಉದ್ದವೆಂದು ಕೈಕಟ್ಟಿ ನಿಂತವರಿಗೇ ಗೊತ್ತು. ಮುಚ್ಚಳ ತೆಗೆದು ನೋಡುವಂತಿಲ್ಲ, ಚಮಚ ಆಡಿಸುವಂತಿಲ್ಲ. ಚಹಾಪುಡಿಯ ಪೊಟ್ಟಣದ ಮೇಲಿದ್ದುದನ್ನೆಲ್ಲ ಓದಿದೆ. ಗ್ಯಾಸ್ ಸಿಲಿಂಡರಿನ ಮೇಲಿದ್ದುದನ್ನೂ ಓದಿದೆ. ತಲೆತಗ್ಗಿಸಿ ಕುಡಿಕೆಯ ಮುಂದೆ ನಿಂತಿದ್ದಾಗ ಸಾಸಿವೆ ಡಬ್ಬಿಗೆಂದು ಬಂದ ಹೆಂಡತಿ ಗಾಬರಿಯಿಂದ, “ಯಾಕ್ರೀ, ಯಾರು ಹೋಗಿಬಿಟ್ರು?” ಎಂದಳು. ಬಾಯಿ ತೆರೆದರೆ ಲೆಕ್ಕ ತಪ್ಪುತ್ತದೆಂದು ನಾಲ್ಕು ಬೆರಳು ತೋರಿಸಿದೆ. “ನಾಲ್ಕು ಜನಾನಾ!” ಎಂದು ಎದೆಯ ಮೇಲೆ ಕೈಯಿಟ್ಟುಕೊಂಡಳು.

ಹಾಲು ಮೊದಲು ಹೊಯ್ಯಬೇಕಂತೆ. ಸಂಸ್ಥೆಯ ರೂಢಿ ಬೇರೆಯಿದ್ದರೆ ವಿನಾಯಿತಿಯಿದೆ. ಜಾರ್ಜ್ ಆರ್ವೆಲ್ 1946ರಲ್ಲೇ ಚಹಾಕ್ಕೆ ಹನ್ನೊಂದು ನಿಯಮ ಬರೆದು, ಹಾಲು ಆಮೇಲೆಯೇ ಎಂದು ಪಟ್ಟುಹಿಡಿದಿದ್ದ. ಸರ್ವಾಧಿಕಾರವನ್ನು ಅಷ್ಟೆಲ್ಲ ಬೈದವನಿಗೂ ಬಟ್ಟಲಿನೊಳಗೆ ಒಂದಿಷ್ಟು ಬೇಕಾಗಿತ್ತು.

ಊರಿಂದ ಬಂದಿದ್ದ ಭಾವ ಒಂದು ಗುಟುಕು ಕುಡಿದು, “ಕಷಾಯಕ್ಕೆ ಮೆಣಸು ಹಾಕಿಲ್ವಾ?” ಎಂದರು. ಪಾಶ್ಚಾತ್ಯ ಜ್ಞಾನವನ್ನು ಇವರ ಗಂಟಲಿಗಿಳಿಸುವುದು ಯಾರಿಂದಲೂ ಆಗದು. ಅಸಲು ಸಂಗತಿಯೆಂದರೆ, ಈ ಮಾನಕ ಕುಡಿಯುವವರಿಗಲ್ಲ, ರುಚಿ ಪರೀಕ್ಷಕರಿಗೆ. ಎಲ್ಲ ಮಾದರಿಗಳನ್ನೂ ಒಂದೇ ಹದದಲ್ಲಿ ಹೋಲಿಸಲೆಂದು ಇದೆ. ಅವರು ಹೀರಿ ಉಗುಳಿಬಿಡುತ್ತಾರೆ. ಅತ್ತ ನೀಲಗಿರಿಯಲ್ಲಿ, ಅಸ್ಸಾಮಿನಲ್ಲಿ, ಎರಡೆಲೆ ಒಂದು ಮೊಗ್ಗು ಎಂಬ ಇನ್ನೊಂದು ಕಟ್ಟುನಿಟ್ಟನ್ನು ದಿನವಿಡೀ ಬೆರಳಲ್ಲಿ ಹಿಡಿದು ಕೊಯ್ಯುವ ಹೆಂಗಸರೂ ತಕ್ಕಡಿಯ ಮುಂದೆ ನಿಲ್ಲುತ್ತಾರೆ. ಅವರ ತಕ್ಕಡಿಯಲ್ಲಿ ತೂಗುವುದು ಕೂಲಿ. ನನ್ನದರಲ್ಲಿ ಬರೀ ಚಟ.

ಹೆಂಡತಿ ಎಲ್ಲವನ್ನೂ ಪಾತ್ರೆಗೆ ಸುರಿದು, ಸಕ್ಕರೆ ಹಾಕಿ, ಶುಂಠಿ ಜಜ್ಜಿ ಕುದಿಸಿದಳು. ಭಾವ ಎರಡು ಲೋಟ ಇಳಿಸಿದರು. ಎಷ್ಟು ನಿಮಿಷ ಕುದಿಸಿದೆ ಎಂದು ಕೇಳಿದರೆ, “ಉಕ್ಕೋವರೆಗೆ” ಎಂದಳು. ಬರೆದಿಟ್ಟುಕೊಂಡಿದ್ದೇನೆ, ಪಾತ್ರೆಯ ಅಳತೆ, ಉರಿಯ ಮಟ್ಟ ಇನ್ನೂ ಇತ್ಯರ್ಥವಾಗಬೇಕು.