ಭಸ್ಮಾಸುರನ ಗೈಡು

ಯಾಣದ ಕಡೆಯ ಮನೆಗಳಲ್ಲಿ ಜಗಲಿ ಹತ್ತಿದವರಿಗೆ ಮೊದಲು ಆಸರಿಗೆ ಮಜ್ಜಿಗೆ ಬರುತ್ತದೆ, ಅದರ ಬೆನ್ನಿಗೇ ಕವಳದ, ಅಂದರೆ ಎಲೆಯಡಕೆಯ, ತಟ್ಟೆ. ಮನಶ್ಶಾಸ್ತ್ರದ ಸಂಶೋಧನಾ ವಿಧಾನದ ಪುಸ್ತಕಗಳು ಈ ತಟ್ಟೆಯ ವಿಚಾರದಲ್ಲಿ ಮೌನವಾಗಿವೆ.

ನನ್ನ ಪಿಎಚ್.ಡಿ. ವಿಷಯ, ಅಡಕೆ ದರದ ಏರಿಳಿತ ಮತ್ತು ಬೆಳೆಗಾರರ ಆತಂಕ. ಪ್ರಶ್ನಾವಳಿಯ ಪ್ರತಿ ಹೇಳಿಕೆಗೂ ಐದು ಚೌಕ; ‘ಸಂಪೂರ್ಣ ಒಪ್ಪುತ್ತೇನೆ’ಯಿಂದ ‘ಸುತರಾಂ ಒಪ್ಪುವುದಿಲ್ಲ’ದವರೆಗೆ. 1932ರಲ್ಲಿ ಅಮೆರಿಕದ ರೆನ್ಸಿಸ್ ಲೈಕರ್ಟ್ ಈ ಅಳತೆಗೋಲು ಮಾಡುವಾಗ, ಉತ್ತರಿಸುವವನ ಬಾಯಲ್ಲಿ ಕವಳ ಇದ್ದೀತೆಂದು ಎಣಿಸಿರಲಿಕ್ಕಿಲ್ಲ. ‘ಮುಂದಿನ ದಿನಗಳ ಬಗ್ಗೆ ನನಗೆ ಆಗಾಗ ಚಿಂತೆಯಾಗುತ್ತದೆ’ ಎಂದು ಓದಿದರೆ ದೊಡ್ಡಪ್ಪ ಮುಖ ಮೇಲೆತ್ತಿ, ರಸ ಚೆಲ್ಲದಂತೆ ‘ಊಂ’ ಎನ್ನುತ್ತಾನೆ. ಅದು ಹೌದೋ ಅಲ್ಲವೋ ಭೈರವೇಶ್ವರನೇ ಹೇಳಬೇಕು. ನಡುವಿನ ಚೌಕಕ್ಕೆ ಗುರುತು ಬೀಳುತ್ತದೆ. ನನ್ನ ದತ್ತಾಂಶದ ಪ್ರಕಾರ ಈ ಸೀಮೆಯವರಷ್ಟು ತಟಸ್ಥರು ಭೂಮಿಯ ಮೇಲೆ ಇನ್ನಿಲ್ಲ.

ಇನ್ನು ವಿಶ್ವಾಸಾರ್ಹತೆ. ಒಬ್ಬರನ್ನೇ ಎರಡು ಸಲ ಕೇಳಿದರೂ ಉತ್ತರ ಒಂದೇ ಬರಬೇಕಂತೆ. ಬೆಳಿಗ್ಗೆ ತೋಟ ಮಾರಿಬಿಡುತ್ತೇನೆ ಎಂದ ದೊಡ್ಡಪ್ಪ, ಕುಮಟೆ ಮಾರುಕಟ್ಟೆಯಲ್ಲಿ ಚಾಲಿ ಅಡಕೆಯ ದರ ಏರಿತೆಂದು ಕೇಳಿದ್ದೇ ಪಕ್ಕದ ತೋಟ ಸಿಕ್ಕೀತೋ ಎಂದು ವಿಚಾರಿಸತೊಡಗಿದ. ಇದಕ್ಕೆ ಅಂಕಿಅಂಶದವರು ದೋಷ ಎನ್ನುತ್ತಾರೆ, ತೋಟದವರು ದಿನಚರಿ ಎನ್ನುತ್ತಾರೆ.

ತನ್ನ ಮನಸ್ಸಿಗಿಂತ ಭಸ್ಮಾಸುರನ ಮನಸ್ಸಿನ ಮೇಲೆ ದೊಡ್ಡಪ್ಪನಿಗೆ ಆಸಕ್ತಿ. ಯಾಣದ 120 ಮೀಟರಿನ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ ಎರಡನ್ನೂ ಭೂವಿಜ್ಞಾನಿಗಳು ಸುಣ್ಣಕಲ್ಲು ಎನ್ನಲಿ. ಬಂಡೆ ಕಪ್ಪಾದದ್ದು ಅಸುರ ಸುಟ್ಟುಹೋದ ಬೆಂಕಿಗೆ ಎಂಬುದು ಊರಿನ ವಾದ. ‘ಅಂವನೂ ಸಂಶೋಧಕನೇಯ ಮಾಣಿ. ವರ ಖರೆಯೋ ಸುಳ್ಳೋ ಪರೀಕ್ಷೆ ಮಾಡಲೆ ಹೋದ, ಅಷ್ಟೇಯ.’

ಒಪ್ಪಬೇಕಾದ ಮಾತೇ. ಆದರೆ ಪ್ರಯೋಗಕ್ಕೆ ವರ ಕೊಟ್ಟ ಗೈಡಿನ ತಲೆಯನ್ನೇ ಆರಿಸಿಕೊಂಡ. ನೈತಿಕ ಸಮಿತಿಯ ಅನುಮತಿಯಿಲ್ಲ, ಲಿಖಿತ ಸಮ್ಮತಿಯಿಲ್ಲ. ಗೈಡು ಕಾಡು ಹಿಡಿದು ಓಡಿದರು. (ಅಧ್ಯಾಯದ ಕರಡು ಹಿಡಿದು ಬರುವವರನ್ನು ಕಂಡರೆ ಇಂದಿನ ಗೈಡುಗಳೂ ಮಾಯವಾಗುತ್ತಾರೆ, ಅಂದಿನ ಭಯ ಇನ್ನೂ ಇಳಿದಿಲ್ಲ.) ನಿಜವಾದ ಮನಶ್ಶಾಸ್ತ್ರಜ್ಞೆ ಮೋಹಿನಿ. ದೊಡ್ಡವರು ಗೊಂಬೆಗೆ ಗುದ್ದುವುದನ್ನು ಕಂಡ ಮಕ್ಕಳು ತಾವೂ ಗುದ್ದುತ್ತವೆ ಎಂದು ಆಲ್ಬರ್ಟ್ ಬಂಡೂರ 1961ರಲ್ಲಿ ತೋರಿಸಿದರು. ಮೋಹಿನಿ ಕುಣಿಯುತ್ತ ಕೈಯನ್ನು ತಲೆಗೆ ಒಯ್ದಳು, ಅವನೂ ಒಯ್ದ. ಫಲಿತಾಂಶದಲ್ಲಿ ಸಂದೇಹವಿಲ್ಲ. ಆದರೆ ಮಾದರಿ ಒಂದೇ ಒಂದು, ಅದೂ ಉಳಿಯಲಿಲ್ಲ. ಯಾವ ಸಂಶೋಧನಾ ಪತ್ರಿಕೆಯೂ ಪ್ರಕಟಿಸಲಿಕ್ಕಿಲ್ಲ.

ರೊಕ್ಕಿದ್ದವ ಗೋಕರ್ಣಕ್ಕೆ, ಸೊಕ್ಕಿದ್ದವ ಯಾಣಕ್ಕೆ ಎನ್ನುವ ಗಾದೆಯಿದೆ. ಫೆಲೋಶಿಪ್ ಇಲ್ಲದವನ ದಾರಿ ಅಲ್ಲೇ ತೀರ್ಮಾನವಾಗಿದೆ.

ದೊಡ್ಡಾಯಿಯ ಚಿಂತೆ ಬೇರೆ: ಗುಳಿಗೆ ಬರೆಯಲು ಬಾರದ ಡಾಕ್ಟರು ಮುಂದೆ ಉಣ್ಣುವುದೇನು? ಅವಳ ಸಮಾಧಾನಕ್ಕೆ ಎಂ.ವಿ. ಗೋಪಾಲಸ್ವಾಮಿಯವರ ಕಥೆ ಹೇಳಿದೆ. ಲಂಡನ್ನಿನಲ್ಲಿ ಮನಶ್ಶಾಸ್ತ್ರ ಓದಿ ಬಂದು, 1924ರಲ್ಲಿ ಶುರುವಾದ ಮೈಸೂರು ವಿಶ್ವವಿದ್ಯಾನಿಲಯದ ವಿಭಾಗವನ್ನು ಕಟ್ಟಿದವರು. 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ತೆರೆದರು. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಯದೇ.

ದೊಡ್ಡಪ್ಪ ಎದ್ದುಹೋಗಿ ಅಂಗಳದಂಚಿಗೆ ಕವಳ ಉಗಿದು ಬಂದ. ‘ಅದ್ನ ಮೊದ್ಲೇ ಹೇಳದಲ್ದಾ! ನಮ್ಮನೆ ರೇಡಿಯೋ ಕಾರವಾರ ಹಿಡಿತಿಲ್ಲೆ. ಒಂಚೂರು ಬಿಚ್ಚಿ ನೋಡು ಮಾಣಿ.’